ಸೊಪ್ಪು ಕಟ್ಟಿದ ಲಾರಿ ಹೋಯಿತು, ಕಲ್ಲು ಉಳಿಯಿತು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ರಸ್ತೆ ನೋಡಿಕೊಳ್ಳುವ ಎಲ್ಲ ಸಾಹೇಬರಿಗೆ, ಮತ್ತು ಬೆಳಗಿನ ಜಾವ ಈ ಕಡೆ ಗಾಡಿ ಓಡಿಸುವ ಎಲ್ಲರಿಗೂ,

ನಮಸ್ಕಾರ.

ಇನ್ನೂ ಗೌರಿ ಹಬ್ಬ ಬಂದಿಲ್ಲ, ಮಳೆ ನಿಂತಿಲ್ಲ, ಇವನೇನು ಈಗಲೇ ಚಳಿಗಾಲದ ಮಾತು ತೆಗೆದಿದ್ದಾನೆ ಅಂತ ನಿಮಗೆ ಅನ್ನಿಸಬಹುದು. ಈಗ ಹೇಳದಿದ್ದರೆ ಆಮೇಲೆ ಹೇಳಿ ಪ್ರಯೋಜನವಿಲ್ಲ. ಡಿಸೆಂಬರ್‌ನಲ್ಲಿ ಹೇಳಿದರೆ ನೀವು ಒಂದು ಸಭೆ ಕರೆಯುತ್ತೀರಿ, ಜನವರಿಯಲ್ಲಿ ರಸ್ತೆ ಸುರಕ್ಷತೆ ಜಾಥಾ ಮಾಡುತ್ತೀರಿ, ಸ್ಕೂಲ್ ಮಕ್ಕಳ ಕೈಗೆ ಬೋರ್ಡು ಕೊಟ್ಟು ಊರು ಸುತ್ತಿಸುತ್ತೀರಿ. ಅಷ್ಟರಲ್ಲಿ ಶಿವರಾತ್ರಿ ಬರುತ್ತದೆ, ಚಳಿ ಶಿವಶಿವಾ ಅಂತ ಹೋಗುತ್ತದೆ. ಮುಂದಿನ ವರ್ಷ ಮತ್ತೆ ಅದೇ ಕತೆ.

ನಾನು ಹೂವಿನವನು. ಪೆರೇಸಂದ್ರದ ಕಡೆ ನಮ್ಮ ಊರು. ಎರಡೂವರೆ ಎಕರೆ, ಸೇವಂತಿಗೆ ಜಾಸ್ತಿ, ಸ್ವಲ್ಪ ಗುಲಾಬಿ. ಅಕ್ಕಪಕ್ಕದ ನಾಲ್ಕು ಮನೆಯ ಹೂವೂ ನನ್ನ ಟೆಂಪೋದಲ್ಲೇ ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುತ್ತದೆ. ಮೂರೂವರೆಗೆ ಎದ್ದು ನಾಲ್ಕಕ್ಕೆ ಹೊರಡುತ್ತೇನೆ. ಹೀಗೇ 11 ವರ್ಷ ಆಯಿತು. ಹಾಗಾಗಿ 44ನೇ ಹೆದ್ದಾರಿಯ ಈ ತುಂಡನ್ನು ನಾನು ನೋಡಿರುವುದೇ ಕತ್ತಲಲ್ಲಿ. ಹಗಲಲ್ಲಿ ಹೋದರೆ ಅರ್ಧ ಜಾಗ ಗುರುತೇ ಸಿಗುವುದಿಲ್ಲ ನನಗೆ. ಶ್ರೀನಗರದಿಂದ ಕನ್ಯಾಕುಮಾರಿವರೆಗೆ ಹೋಗುವ, ದೇಶಕ್ಕೇ ಉದ್ದದ ರಸ್ತೆ ಇದು. ನಮ್ಮ ಅಪ್ಪನ ಕಾಲದವರು ಈಗಲೂ ಸೆವೆನ್ ಅಂತಲೇ ಅನ್ನುತ್ತಾರೆ, ಹಳೇ ನಂಬರು.

ಮೊದಲು ದೊಡ್ಡದನ್ನು ನೆನಪಿಸುತ್ತೇನೆ. 2023ರ ಅಕ್ಟೋಬರ್ 26. ದಸರಾ ಮುಗಿದು ಎರಡು ದಿನ ಆಗಿತ್ತು. ಆಂಧ್ರದ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದ ಒಂದು ಟಾಟಾ ಸುಮೋ, ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ನಿಂತಿದ್ದ ಟ್ಯಾಂಕರ್ ಲಾರಿಗೆ ಹಿಂದಿನಿಂದ ನುಗ್ಗಿತು. ದಟ್ಟ ಮಂಜಿತ್ತು. 13 ಜನ ಹೋದರು. ಒಂದು ಗಾಡಿಯೊಳಗೆ 13 ಜನ. ಆ ವಾರವೆಲ್ಲ ನಮ್ಮ ಕಡೆ ಟೀ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಸುಮೋದಲ್ಲಿ ಅಷ್ಟು ಜನ ಯಾಕೆ ಕೂತರು ಅಂತ ಒಬ್ಬರು, ಡ್ರೈವರ್ ತೂಕಡಿಸಿರಬೇಕು ಅಂತ ಇನ್ನೊಬ್ಬರು. ಎಲ್ಲರೂ ಕೊನೆಗೆ ಹೇಳಿದ್ದು, ಏನು ಮಾಡೋಕಾಗುತ್ತೆ, ಮಂಜು.

ಈ ಮಾತನ್ನೇ ನಾನು ಒಪ್ಪುವುದಿಲ್ಲ. ಮಂಜು ಹತ್ತಿಯ ಹಾಗೆ. ಅದರೊಳಗೆ ಹೋದರೆ ಯಾರಿಗೂ ಗಾಯ ಆಗುವುದಿಲ್ಲ. ಗಾಯ ಆಗುವುದು ಅದರೊಳಗೆ ನಿಂತಿರುವ ಲಾರಿಯಿಂದ, ಬಿದ್ದಿರುವ ಕಲ್ಲಿನಿಂದ, ಬಣ್ಣ ಕಾಣದ ಹಂಪಿನಿಂದ, ಲೈಟಿಲ್ಲದ ಟ್ರ್ಯಾಕ್ಟರಿನಿಂದ. ಮಂಜನ್ನು ತಡೆಯುವುದು ನಿಮ್ಮ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಅದರೊಳಗೆ ಏನು ನಿಂತಿರಬೇಕು, ಏನು ನಿಂತಿರಬಾರದು ಅನ್ನುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ. ನನ್ನ ಪತ್ರ ಇಷ್ಟೇ. ಉಳಿದಿದ್ದೆಲ್ಲ ವಿವರ.

ನನ್ನದೇ ಒಂದು ಕತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ಇದರಲ್ಲಿ ನನ್ನ ತಪ್ಪೂ ಇದೆ.

ಧನುರ್ಮಾಸ ಶುರುವಾಗಿ ನಾಲ್ಕೈದು ದಿನ ಆಗಿತ್ತು. ಊರ ದೇವಸ್ಥಾನದ ಮೈಕು ಆಗಲೇ ಹಾಡುತ್ತಿತ್ತು. ಟೆಂಪೋದಲ್ಲಿ 22 ಮೂಟೆ ಸೇವಂತಿಗೆ. ಪಕ್ಕದಲ್ಲಿ ನನ್ನ ಹೆಂಡತಿಯ ತಮ್ಮ, ಕಂಬಳಿ ಹೊದ್ದು ಕೂತಿದ್ದ. ಹೊರಡುವುದು ತಡವಾಗಿತ್ತು, ಅರ್ಧ ಗಂಟೆ. ಹೂವಿನ ಮಾರ್ಕೆಟ್ ಗೊತ್ತಿರುವವರಿಗೆ ಗೊತ್ತು, ಅರ್ಧ ಗಂಟೆ ಅಂದರೆ ಸುಮ್ನೆ ಅಲ್ಲ. ಬೆಳಕು ಹರಿದ ಮೇಲೆ ಹೂವಿನ ರೇಟು ಕಣ್ಣೆದುರೇ ಇಳಿಯುತ್ತದೆ. ಹೆದ್ದಾರಿಗೆ ಬಂದರೆ ಬಾನೆಟ್ ಆಚೆಗೆ ಏನೂ ಇಲ್ಲ. ಬಿಳಿ. ನಾನು ಎಲ್ಲ ಡ್ರೈವರ್‌ಗಳೂ ಮಾಡುವ ಬುದ್ಧಿವಂತಿಕೆ ಮಾಡಿದೆ. ಮುಂದೆ ಒಂದು ಬಸ್ಸು ಹೋಗುತ್ತಿತ್ತು, ಅದರ ಕೆಂಪು ಲೈಟು ಹಿಡಿದುಕೊಂಡು ಹಿಂದೆಯೇ ಹೋದೆ. ಅವನಿಗೆ ಕಾಣುತ್ತೆ, ಅವನು ಹೋದ ದಾರಿಯಲ್ಲಿ ನಾನು ಹೋದರಾಯಿತು ಅಂತ. ಸ್ಪೀಡು 60ರ ಮೇಲಿತ್ತು.

ಬಸ್ಸು ಇದ್ದಕ್ಕಿದ್ದ ಹಾಗೆ ಬಲಕ್ಕೆ ಎಳೆಯಿತು. ಆ ಎರಡು ಕೆಂಪು ಲೈಟು ಪಕ್ಕಕ್ಕೆ ಜಾರಿದ್ದು ಮಾತ್ರ ನೋಡಿದೆ. ಅದು ಯಾಕೆ ಜಾರಿತು ಅಂತ ಗೊತ್ತಾಗುವಷ್ಟರಲ್ಲಿ ಎಡಗಡೆ ಮುಂದಿನ ಚಕ್ರ ಯಾವುದರ ಮೇಲೋ ಹತ್ತಿ ಬಿತ್ತು. ಢಮ್ ಅಂತ ಒಂದೇ ಸದ್ದು. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋದ ಹಾಗಾಯಿತು, ಟೆಂಪೋ ಅಡ್ಡ ತಿರುಗಿ ಡಿವೈಡರ್‌ಗೆ ಒರಗಿ ನಿಂತಿತು. ಹುಡುಗನ ಹಣೆ ಡ್ಯಾಶ್‌ಬೋರ್ಡಿಗೆ ಬಡಿದು ಒಡೆದಿತ್ತು. ಬೆಲ್ಟ್ ಹಾಕಿರಲಿಲ್ಲ. ಕಂಬಳಿ ಹೊದ್ದರೆ ಬೆಲ್ಟ್ ಯಾರು ಹಾಕುತ್ತಾರೆ?

ಇಳಿದು ಟಾರ್ಚ್ ಬಿಟ್ಟು ನೋಡಿದೆ. ಕಲ್ಲು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಸೈಜುಗಲ್ಲಿನ ತುಂಡು. ಹಿಂದೆ ಇನ್ನೂ ನಾಲ್ಕು, ಸಾಲಾಗಿ. ಅದರ ಪಕ್ಕ ಬಾಡಿದ ಹೊಂಗೆ ಸೊಪ್ಪಿನ ಕೊಂಬೆ. ಆಗ ಗೊತ್ತಾಯಿತು. ಹಿಂದಿನ ದಿನವೋ ರಾತ್ರಿಯೋ ಅಲ್ಲಿ ಒಂದು ಲಾರಿ ಕೆಟ್ಟು ನಿಂತಿದೆ. ಡ್ರೈವರ್ ನಮ್ಮ ದೇಶದ ಪದ್ಧತಿ ಪ್ರಕಾರ ಹಿಂದೆ ಸೊಪ್ಪು ಸಿಕ್ಕಿಸಿ, ಸುತ್ತ ಕಲ್ಲು ಇಟ್ಟಿದ್ದಾನೆ. ರಿಪೇರಿ ಆಗಿದೆ, ಲಾರಿ ಹೋಗಿದೆ. ಕಲ್ಲು ಅಲ್ಲೇ ಇದೆ.

ಲಾರಿ ಇದ್ದಾಗ ಆ ಕಲ್ಲು ಎಚ್ಚರಿಕೆ. ಲಾರಿ ಹೋದ ಮೇಲೆ ಅದೇ ಅಪಾಯ. ತೆಗೆಯುವುದಕ್ಕೆ ಒಂದು ನಿಮಿಷ ಸಾಕಿತ್ತು. ಆದರೆ ಯಾರ ಕೆಲಸ ಅದು?

ಇನ್ನೂ ದೊಡ್ಡ ಪೆದ್ದತನ ಆಮೇಲೆ ಮಾಡಿದೆ. ಮೂರು ಮೂಟೆ ರಸ್ತೆ ಮೇಲೆ ಬಿದ್ದು ಹೂವೆಲ್ಲ ಚೆಲ್ಲಿತ್ತು. ಹುಡುಗನ ಹಣೆಗೆ ಟವೆಲ್ ಒತ್ತಿ ಹಿಡಿದುಕೋ ಅಂತ ಹೇಳಿ ನಾನು ಹೂವು ಬಾಚುವುದಕ್ಕೆ ಕೂತೆ. ನಡು ರಸ್ತೆಯಲ್ಲಿ, ಮಂಜಿನಲ್ಲಿ, ಕಪ್ಪು ಜರ್ಕಿನ್ ಹಾಕಿಕೊಂಡು. ಈಗ ನೆನೆಸಿಕೊಂಡರೆ ಮೈ ನಡುಗುತ್ತದೆ. ಆಗ ಡೇರಿಗೆ ಹಾಲು ಹಾಕಲು ಹೊರಟಿದ್ದ ಒಬ್ಬ ತಾತ ಸರ್ವಿಸ್ ರೋಡಿನಿಂದ ಟಿವಿಎಸ್ ನಿಲ್ಲಿಸಿ ತೆಲುಗಲ್ಲಿ ಬೈದರು. ನಮ್ಮ ಕಡೆ ಬೈಗುಳ ಅರ್ಧ ತೆಲುಗಲ್ಲೇ ಬರೋದು. ಹೂವು ಹಾಳಾಗಿ ಹೋಗಲಿ, ಮೊದಲು ಈಚೆ ಬಾರೋ ಅಂದರು. ಬಂದೆವು. ಕ್ಯಾನ್ ಇಳಿಸಿ, ತಮ್ಮ ಬಿಳಿ ಪಂಚೆಯನ್ನೇ ಅರ್ಧ ಬಿಚ್ಚಿ ಕೋಲಿಗೆ ಕಟ್ಟಿ ತಡೆಗಂಬದ ಆಚೆ ನಿಂತು ಬೀಸಿದರು. ಎರಡು ನಿಮಿಷಕ್ಕೆ ಒಂದು ಟಿಪ್ಪರ್ ಬಂತು. ನನ್ನ ಹೂವಿನ ಮೇಲೆ ಹೋಯಿತು. ನಾನು ಕೂತಿದ್ದ ಜಾಗದ ಮೇಲೆ. ಆಮೇಲೆ ಸೇವಂತಿಗೆ ವಾಸನೆ ಎಷ್ಟು ಗಾಢವಾಗಿ ಬಂತೆಂದರೆ, ಇವತ್ತಿಗೂ ಮೂಟೆ ಬಿಚ್ಚುವಾಗ ಒಂದೊಂದು ಸಲ ಅದೇ ನೆನಪಾಗುತ್ತದೆ.

ಹುಡುಗನಿಗೆ ಆರು ಹೊಲಿಗೆ. ಟೆಂಪೋಗೆ ರಿಮ್ಮು, ಆಕ್ಸೆಲ್ಲು, ಒಂದು ವಾರದ ಬಾಡಿಗೆ. ಮೂರನೇ ದಿನ ಒಂದು ಕಚೇರಿಗೆ ಹೋಗಿ ಕೇಳಿದೆ, ಕಲ್ಲು ಯಾರು ತೆಗೆಯಬೇಕು ಸ್ವಾಮಿ ಅಂತ. ಯಾವ ಕಚೇರಿ ಅಂತ ಹೇಳುವುದಿಲ್ಲ, ಒಬ್ಬರ ಮೇಲೆ ಹಾಕುವುದು ಬೇಡ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. ಲಾರಿಯವನು ತೆಗೀಬೇಕಿತ್ತಪ್ಪ ಅಂದರು. ಅದು ನನಗೂ ಗೊತ್ತಿತ್ತು. ಇನ್ನೊಂದು ಕಡೆ ಕೇಳಿದೆ, ಅದು ನಮ್ಮ ಹದ್ದಿಗೆ ಬರಲ್ಲ ಅಂದರು. ಸರಿ ಅಂತ ಮನೆಗೆ ಬಂದೆ.

ಈಗ ಮಂಜಿನ ವಿಷಯ ಸ್ವಲ್ಪ. ಇದನ್ನು ನಾನು ಸುಮಾರು ಬೆಳಗುಗಳಲ್ಲಿ ನೋಡಿ ಕಲಿತದ್ದು, ಜೊತೆಗೆ ನನ್ನ ಮಗಳು ತನ್ನ ಪುಸ್ತಕ ನೋಡಿ ಹೇಳಿಕೊಟ್ಟದ್ದು. ರಾತ್ರಿ ಮೋಡ ಇಲ್ಲ, ಗಾಳಿ ಇಲ್ಲ, ನೆಲ ಮಳೆಗೆ ನೆನೆದಿದೆ ಅಂದರೆ ಬೆಳಗ್ಗೆ ಮಂಜು ಗ್ಯಾರಂಟಿ ಅಂದುಕೊಳ್ಳಿ. ನೆಲದ ಕಾವು ರಾತ್ರಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ, ನೆಲ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯಲ್ಲಿರುವ ತೇವ ಸಣ್ಣ ಹನಿಯಾಗಿ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಅಕ್ಟೋಬರ್‌ನಲ್ಲೇ ಶುರು. ನಮ್ಮಲ್ಲಿ ಮಳೆ ಜಾಸ್ತಿ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆ ಬಿಟ್ಟ ಮೊದಲ ಶುಭ್ರ ರಾತ್ರಿಯೇ ಮೋಸ ಮಾಡುತ್ತದೆ. ನೀವು ಸ್ವೆಟರ್ ತೆಗೆಯುವ ಮೊದಲೇ ಮಂಜು ಬಂದಿರುತ್ತದೆ.

ಹವಾಮಾನ ಇಲಾಖೆಯವರ ಲೆಕ್ಕದಲ್ಲಿ 1 ಕಿಲೋಮೀಟರ್‌ಗಿಂತ ಕಡಿಮೆ ಕಂಡರೆ ಮಂಜು, 200 ಮೀಟರ್‌ಗಿಂತ ಕಡಿಮೆ ಆದರೆ ದಟ್ಟ ಮಂಜು, 50ಕ್ಕಿಂತ ಕಡಿಮೆ ಆದರೆ ಅತಿ ದಟ್ಟ. ನಮ್ಮ ಕಡೆ ತೊಂದರೆ ಏನೆಂದರೆ ಅದು ಒಂದೇ ಸಮ ಇರುವುದಿಲ್ಲ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ನಂದಿ, ಸ್ಕಂದಗಿರಿ ಬುಡದಲ್ಲಿ, ಕೆರೆ ಏರಿ ಪಕ್ಕದಲ್ಲಿ, ಹಳ್ಳದ ಸೇತುವೆ ಹತ್ತಿರ ಬಂದು ಕೂರುತ್ತದೆ. ಎರಡು ಕಿಲೋಮೀಟರ್ ಚೆನ್ನಾಗಿ ಕಾಣುತ್ತದೆ, ನೀವು 80ಕ್ಕೆ ಏರಿಸುತ್ತೀರಿ, ಒಂದು ಇಳಿಜಾರು, ಕೆಳಗೆ ಬಿಳಿ ಗೋಡೆ. ಬೆಂಗಳೂರಿನ ಸಂಸ್ಕರಿಸಿದ ನೀರು ಹೆಬ್ಬಾಳ ನಾಗವಾರ ಯೋಜನೆಯಲ್ಲಿ ಬಂದು ಕಂದವಾರದಂಥ ಕೆರೆಗಳು ತುಂಬಿದ ಮೇಲೆ ಅವುಗಳ ಪಕ್ಕದ ರಸ್ತೆಯಲ್ಲಿ ಮಂಜು ಇನ್ನೂ ಜಾಸ್ತಿ ಆಗಿದೆ ಅನ್ನುವುದು ನನ್ನ ಕಣ್ಣಳತೆ. ಕೆರೆ ತುಂಬಿದ್ದಕ್ಕೆ ನನಗೆ ಖುಷಿಯೇ, ಬೋರ್‌ವೆಲ್ ಇರುವವನು ನಾನು. ಆದರೆ ಆ ಏರಿ ರಸ್ತೆಗಳಿಗೆ ಎರಡು ಕಡೆ ಹೊಳೆಯುವ ಕಂಬ ಹಾಕಿಸಿ ಅಂತ ಕೇಳುವುದು ತಪ್ಪಾ?

ಗಾಡಿ ಓಡಿಸುವವರೇ, ಈಗ ನಿಮ್ಮ ಕಡೆ ತಿರುಗುತ್ತೇನೆ. ಬೈಯ್ಯುವ ಹಕ್ಕು ನನಗಿಲ್ಲ, ಮೇಲೆ ಹೇಳಿದೆನಲ್ಲ.

ಒಂದು ಲೆಕ್ಕ ಮಾತ್ರ ಮಾಡಿ. 80ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮುಂದೆ ಏನೋ ಇದೆ ಅಂತ ಕಣ್ಣಿಗೆ ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು. ಅಂದರೆ 33 ಮೀಟರ್ ಆಗಲೇ ಹೋಯಿತು, ಬ್ರೇಕ್ ಇನ್ನೂ ಹಿಡಿದಿಲ್ಲ. ಇಬ್ಬನಿಗೆ ಒದ್ದೆಯಾದ ಟಾರು, ಅದರ ಮೇಲೆ ನಿಲ್ಲುವುದಕ್ಕೆ ಇನ್ನೂ 45, 50 ಮೀಟರ್ ಬೇಕು. ಒಟ್ಟು 80 ಮೀಟರ್. ನಿಮಗೆ ಕಾಣುತ್ತಿರುವುದು 50. ಮುಗಿಯಿತಲ್ಲ. ಅದೇ 40ರಲ್ಲಿ ಹೋದರೆ ಹೆಚ್ಚು ಕಡಿಮೆ 30 ಮೀಟರ್‌ಗೆ ನಿಲ್ಲುತ್ತದೆ. ಲೋಡ್ ಇದ್ದರೆ, ಟೈರ್ ಸವೆದಿದ್ದರೆ ಇನ್ನೂ ಜಾಸ್ತಿ ಬೇಕು. ನನ್ನ ಲೆಕ್ಕ ಈಗ ಇಷ್ಟೇ, ಎಷ್ಟು ದೂರ ಕಾಣುತ್ತದೋ ಅದರೊಳಗೆ ಗಾಡಿ ನಿಲ್ಲಬೇಕು. ಮಾರ್ಕೆಟ್ಟಿಗೆ ತಡವಾಗುತ್ತದೆ, ನಿಜ. ತಡವಾಗುತ್ತೆ ಅಂತ ಗೊತ್ತಿರುವ ತಿಂಗಳಲ್ಲಿ ಅರ್ಧ ಗಂಟೆ ಮೊದಲೇ ಎದ್ದೇಳುತ್ತೇನೆ. ಹೆಂಡತಿ ಬೈದುಕೊಂಡೇ ಕಾಫಿ ಮಾಡಿ ಕೊಡುತ್ತಾಳೆ.

ಹೈಬೀಮ್ ಹಾಕಬೇಡಿ. ಕಾಣಿಸುತ್ತಿಲ್ಲ ಅಂತ ಜಾಸ್ತಿ ಲೈಟು ಹಾಕಿದರೆ ಆ ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಗೋಡೆ ಇನ್ನೂ ಬೆಳ್ಳಗಾಗುತ್ತದೆ. ಡಿಮ್ ಹಾಕಿ. ಕೆಳಗಿನ ಫಾಗ್ ಲ್ಯಾಂಪ್ ಇದ್ದರೆ ಅದನ್ನು ಹಾಕಿ. ನಮ್ಮ ಹಳೇ ಡ್ರೈವರ್‌ಗಳು ಹೆಡ್‌ಲೈಟಿಗೆ ಹಳದಿ ಗಾಜಿನ ಕಾಗದ ಅಂಟಿಸುತ್ತಿದ್ದರು. ನೋಡಿ ನಗುತ್ತಿದ್ದೆವು. ಕಣ್ಣಿಗೆ ಹೊಡೆಯುವುದು ಅದರಿಂದ ಸ್ವಲ್ಪ ಕಮ್ಮಿ ಆಗುತ್ತದೆ ಅಂತ ಈಗ ನನಗೂ ಅನ್ನಿಸುತ್ತದೆ. ಈ ಹೊಸ ಬಿಳಿ ಎಲ್‌ಇಡಿ ಬಾರು ಹಾಕಿಸಿಕೊಂಡು ಮೆರೆಯುವವರಿಗೆ ಏನು ಹೇಳಲಿ, ಎದುರಿನವನು ಕುರುಡಾದರೆ ನಿಮಗೇ ಬಂದು ಗುದ್ದುತ್ತಾನೆ, ಅಷ್ಟೇ.

ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದು ಇನ್ನೊಂದು ಚಟ. ಹಿಂದಿನವನಿಗೆ ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ, ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಒಂದೂ ಗೊತ್ತಾಗುವುದಿಲ್ಲ. ಅದು ನಿಂತಾಗ ಹಾಕುವ ಲೈಟು. ಮುಂದಿನ ಗಾಜು ಒಳಗಿನಿಂದ ಮಬ್ಬಾದರೆ ಟವೆಲಲ್ಲಿ ಒರೆಸುತ್ತಾ ಒಂದು ಕೈಯಲ್ಲಿ ಓಡಿಸಬೇಡಿ, ಎಸಿ ಇದ್ದರೆ ಗಾಜಿನ ಕಡೆ ತಿರುಗಿಸಿ ಹಾಕಿ, ಇಲ್ಲದಿದ್ದರೆ ಕಿಟಕಿ ಎರಡು ಬೆರಳು ಇಳಿಸಿ. ಚಳಿಯಾಗುತ್ತೆ, ಆಗಲಿ. ಕಿಟಕಿ ಇಳಿಸಿದ್ದರೆ ಕ್ರಾಸಿನಲ್ಲಿ ಪಕ್ಕದಿಂದ ಬರುವ ಗಾಡಿ ಸದ್ದೂ ಕೇಳುತ್ತದೆ. ಬೈಕಿನವರು ಹೆಲ್ಮೆಟ್ ಗಾಜಿನ ಒಳಗೆ ಒಂದು ತೊಟ್ಟು ಶಾಂಪೂ ಸವರಿ ಒಣ ಬಟ್ಟೆಯಲ್ಲಿ ಒರೆಸಿ, ಉಸಿರಿಗೆ ಮಬ್ಬು ಹಿಡಿಯುವುದು ಕಡಿಮೆ. ಗಾಜು ಎತ್ತಿಕೊಂಡು ಕಣ್ಣಲ್ಲಿ ನೀರು ಸುರಿಸಿಕೊಂಡು ಓಡಿಸುವುದಕ್ಕಿಂತ ವಾಸಿ.

ಮುಂದಿನ ಗಾಡಿಯ ಲೈಟು ಹಿಡಿದು ಹೋಗುವುದನ್ನು ಬಿಟ್ಟು ಎಡಗಡೆಯ ಬಿಳಿ ಗೆರೆ ಹಿಡಿದು ಹೋಗಿ. ಗೆರೆ ಇದ್ದರೆ. ಅದಕ್ಕೆ ಆಮೇಲೆ ಬರುತ್ತೇನೆ. ತೀರಾ ಕಾಣಲಿಲ್ಲ ಅಂದರೆ ರಸ್ತೆ ಮೇಲೆ ನಿಲ್ಲಿಸಬೇಡಿ, ದಯವಿಟ್ಟು. ಬಂಕೋ, ಹೋಟೆಲ್ಲೋ, ಸರ್ವಿಸ್ ರೋಡೋ, ಪೂರ್ತಿ ಒಳಗೆ ಹೋಗಿ ನಿಲ್ಲಿಸಿ. ಟೀ ಕುಡಿಯಿರಿ. ಗಾಡಿ ಕೆಟ್ಟರೆ ತ್ರಿಕೋನದ ಕೆಂಪು ಬೋರ್ಡು ತೆಗೆದುಕೊಂಡು ಹಿಂದಕ್ಕೆ ಚೆನ್ನಾಗಿ 50 ಹೆಜ್ಜೆಗಿಂತ ಜಾಸ್ತಿ ನಡೆದು ಇಟ್ಟು, ಎಲ್ಲರೂ ತಡೆಗಂಬದ ಆಚೆ ಹೋಗಿ ನಿಲ್ಲಿ. ಗಾಡಿಯೊಳಗೆ ಬೆಚ್ಚಗೆ ಕೂರಬೇಡಿ, ಗಾಡಿ ಹಿಂದೆಯೂ ನಿಲ್ಲಬೇಡಿ. 1033ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಆ ಬೆಳಗ್ಗೆ ನನಗೆ ಆ ನಂಬರ್ ನೆನಪಿಗೇ ಬರಲಿಲ್ಲ. ಈಗ ಟೆಂಪೋ ಒಳಗೆ ದೇವರ ಫೋಟೋ ಕೆಳಗೆ ಪೇಂಟಲ್ಲಿ ಬರೆಸಿದ್ದೇನೆ.

ಭಾನುವಾರ ನಂದಿಬೆಟ್ಟಕ್ಕೆ ಬರುವ ಬೆಂಗಳೂರಿನ ಮಕ್ಕಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಷ್ಟು ಬರೆದರೂ ಅಷ್ಟೇ. ಸೂರ್ಯ ಹುಟ್ಟುವುದನ್ನು ನೋಡಬೇಕು ಅಂತ ಸೂರ್ಯನಿಗಿಂತ ಜೋರಾಗಿ ಓಡುತ್ತಾರೆ. ಬೆಟ್ಟ 1478 ಮೀಟರ್ ಎತ್ತರದಲ್ಲಿ ಆರಾಮಾಗಿ ಕೂತಿದೆ, ಎಲ್ಲಿಗೂ ಹೋಗುವುದಿಲ್ಲ. ದಟ್ಟ ಮಂಜಿದ್ದರೆ ಸೂರ್ಯ ಹೇಗೂ ಕಾಣುವುದಿಲ್ಲ, ಅಲ್ವಾ? ಇಳಿಯುವಾಗ ನ್ಯೂಟ್ರಲ್ ಹಾಕಬೇಡಿ, ಸೆಕೆಂಡ್ ಗೇರಲ್ಲಿ ಇಳಿಯಿರಿ, ತಿರುವಿನಲ್ಲಿ ನಿಂತು ಫೋಟೋ ತೆಗೆಯಬೇಡಿ. ಸಾಕು.

ಮಾಲೆ ಹಾಕಿದವರ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು. ಚಳಿಗಾಲದಲ್ಲಿ ನಮ್ಮ ಎರಡೂ ಜಿಲ್ಲೆಯಿಂದ, ಕೋಲಾರದಿಂದಲೂ ಇಲ್ಲಿಂದಲೂ, ಕೆಂಪು ಸೀರೆಯ ಓಂ ಶಕ್ತಿ ತಾಯಂದಿರು ಮೇಲ್ಮರುವತ್ತೂರಿಗೆ ಹೋಗುತ್ತಾರೆ, ಅಯ್ಯಪ್ಪ ಸ್ವಾಮಿಗಳು ಶಬರಿಮಲೆಗೆ. ಊರಿಗೊಂದು ಬಸ್ಸು. ಮೂರು ರಾತ್ರಿ ಒಬ್ಬನೇ ಡ್ರೈವರ್. ಭಕ್ತರು ಬಸ್ಸಲ್ಲಿ ಮಲಗುತ್ತಾರೆ, ಅವನು ಎಲ್ಲಿ ಮಲಗಬೇಕು? ದೇವಸ್ಥಾನ ಬಂದಾಗ ಇವರು ದರ್ಶನಕ್ಕೆ ಹೋದರೆ ಅವನು ಗಾಡಿ ತೊಳೆಯುತ್ತಿರುತ್ತಾನೆ. ವಾಪಸ್ ಬರುವಾಗ ನಸುಕಿನ ಮೂರರಿಂದ ಆರು, ನಿದ್ದೆ ಎಳೆಯುವ ಹೊತ್ತೂ ಅದೇ, ಮಂಜಿನ ಹೊತ್ತೂ ಅದೇ. ಚೀಟಿ ಎತ್ತಿ ದುಡ್ಡು ಕೂಡಿಸುತ್ತೀರಲ್ಲ, ಇನ್ನೊಬ್ಬ ಡ್ರೈವರಿಗೆ ಅಂತ ತಲೆಗೆ ಸ್ವಲ್ಪ ಜಾಸ್ತಿ ಹಾಕಿ. ಗುರುಸ್ವಾಮಿಗಳು ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಇನ್ನು ನಮ್ಮ ರೈತರು. ಇಲ್ಲಿ ನನಗೆ ಕಷ್ಟ, ಯಾಕೆಂದರೆ ನಮ್ಮ ಅಮ್ಮನೂ ರಾಗಿ ತೆನೆ ರಸ್ತೆಗೇ ಹಾಕುತ್ತಾಳೆ. ನವೆಂಬರ್, ಡಿಸೆಂಬರ್ ಬಂದರೆ ಹಳ್ಳಿ ರಸ್ತೆಯೆಲ್ಲ ಕಣ. ಮೊದಲು ಊರಾಚೆ ನೆಲ ಕೆತ್ತಿ ಸಗಣಿ ಸಾರಿಸಿ ಕಣ ಮಾಡುತ್ತಿದ್ದರು, ರೋಣಗಲ್ಲು ಹೊಡೆಯುತ್ತಿದ್ದರು. ಈಗ ಎತ್ತಿಲ್ಲ, ಆಳಿಲ್ಲ, ಕಣದ ಜಾಗ ಸೈಟಾಗಿದೆ. ರಸ್ತೆಗೆ ಹಾಕಿದರೆ ಹೋಗುವ ಬರುವ ಗಾಡಿಯೇ ಬಿಟ್ಟಿ ಒಕ್ಕಣೆ ಮಾಡಿಕೊಡುತ್ತದೆ. ಆದರೆ ಬೈಕಿನವನು ಅದರ ಮೇಲೆ ಬ್ರೇಕ್ ಹಿಡಿದರೆ ಮಕಾಡೆ ಬೀಳುತ್ತಾನೆ. ಹುರುಳಿ ಅಂತೂ ಬೇಡವೇ ಬೇಡ, ಗೋಲಿಯ ಮೇಲೆ ಓಡಿಸಿದ ಹಾಗೆ. ಕಾರಿನ ಅಡಿಗೆ ಹುಲ್ಲು ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುವುದೂ ಉಂಟು. ಸಂಜೆ ಆದರೆ ರಾಶಿ ಮಾಡಿ ಟಾರ್ಪಾಲು ಮುಚ್ಚಿ ಸುತ್ತ ಏನಿಡುತ್ತಾರೆ? ಕಲ್ಲು. ನಡು ರಸ್ತೆವರೆಗೂ ಕಲ್ಲು, ಯಾರೂ ರಾಶಿ ಮೇಲೆ ಹತ್ತಿಸದಿರಲಿ ಅಂತ. ಬೆಳಗ್ಗೆ ಐದಕ್ಕೆ ಮಂಜಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ.

ಅಧಿಕಾರಿಗಳೇ, ಪೊಲೀಸರನ್ನು ಕಳಿಸಿ ರೈತರ ಮೇಲೆ ಕೇಸ್ ಹಾಕಿಸಿದರೆ ಇದು ನಿಲ್ಲುವುದಿಲ್ಲ. ಪಂಚಾಯಿತಿಗೊಂದು ಸಿಮೆಂಟ್ ಕಣ ಮಾಡಿಸಿಕೊಡಿ. ಕೆಲವು ಊರಲ್ಲಿ ಮಾಡಿದ್ದೀರಿ, ಅಲ್ಲಿ ಈಗ ರಸ್ತೆ ಖಾಲಿ ಇದೆ, ನಾನೇ ನೋಡಿದ್ದೇನೆ. ಮಾಡುವವರೆಗೆ ಒಂದು ಡಂಗುರ ಸಾರಿಸಿ, ಕತ್ತಲಾದ ಮೇಲೆ ರಸ್ತೆ ಮೇಲೆ ರಾಶಿಯೂ ಇರಬಾರದು, ಕಲ್ಲೂ ಇರಬಾರದು ಅಂತ. ಅಮ್ಮನಿಗೆ ನಾನು ಹೇಳಿದ್ದೇನೆ. ಹಗಲು ಹಾಕು, ಸಂಜೆಗೆ ಎತ್ತು. ಮೊದಲ ದಿನ ಮುಖ ಊದಿಸಿದಳು. ಮೊಮ್ಮಗಳು ಸೈಕಲ್ಲಲ್ಲಿ ಟ್ಯೂಷನ್ನಿಗೆ ಹೋಗುವುದು ಅದೇ ರಸ್ತೆಯಲ್ಲಿ ಅಂದಮೇಲೆ ಸುಮ್ಮನಾದಳು.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ಕಾನೂನು ಇಲ್ಲ ಅಂತ ಹೇಳಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ಏನು ಹೇಳುತ್ತದೆ? ಬೇರೆಯವರಿಗೆ ಅಪಾಯ ಆಗುವ ಹಾಗೆ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ನಿಲ್ಲಿಸಬಾರದು ಅಂತ. 127ರಲ್ಲಿ ಅಂಥ ಗಾಡಿಯನ್ನು ಎಳೆಸಿ ತೆಗೆಸುವ ಅಧಿಕಾರ ಪೊಲೀಸರಿಗಿದೆ. 2019ರ ತಿದ್ದುಪಡಿಯಲ್ಲಿ 198ಎ ಅಂತ ಒಂದು ಬಂತು, ರಸ್ತೆಯ ವಿನ್ಯಾಸ, ನಿರ್ವಹಣೆ ಸರಿಯಿಲ್ಲದೆ ಜನ ಸತ್ತರೆ, ಕೈಕಾಲು ಕಳೆದುಕೊಂಡರೆ ಅದಕ್ಕೆ ಹೊಣೆಯಾದ ಅಧಿಕಾರಿ, ಕಂಟ್ರಾಕ್ಟರ್ ಯಾರೇ ಆಗಲಿ 1 ಲಕ್ಷದವರೆಗೆ ದಂಡ. ಅಂದರೆ ಕಾನೂನು ಡ್ರೈವರಿಗೊಬ್ಬನಿಗೇ ಅಲ್ಲ. ನಮ್ಮ ಕಡೆ ದಂಡ ಕಟ್ಟಿರುವವರೆಲ್ಲ ಹೆಲ್ಮೆಟ್ ಹಾಕದವರೇ ಅನ್ನುವುದು ಬೇರೆ ಮಾತು.

ಲಾರಿಯವರ ಮೇಲೂ ನನಗೆ ಸಿಟ್ಟಿಲ್ಲ. ಅವರು ಹೈದರಾಬಾದ್ ಕಡೆಯಿಂದ ರಾತ್ರಿಯಿಡೀ ಓಡಿಸಿ ಬಂದಿರುತ್ತಾರೆ. ಬೆಂಗಳೂರಿನೊಳಗೆ ದೊಡ್ಡ ಲಾರಿ ಬಿಡುವ ಹೊತ್ತು ಬರುವವರೆಗೆ ಎಲ್ಲೋ ಕಾಯಬೇಕು. ಮುಖ ತೊಳೆಯಬೇಕು, ಮಲಗಬೇಕು. ಜಾಗ ಇಲ್ಲದ ಕಡೆ ರಸ್ತೆ ಅಂಚೇ ಗತಿ. ಟೀ ಅಂಗಡಿ ಮುಂದೆ ಅರ್ಧ ಲಾರಿ ಒಳಗೆ, ಅರ್ಧ ಲಾರಿ ರಸ್ತೆಗೆ. ಹಿಂದಿನ ಲೈಟಿಗೆ ಮಣ್ಣು ಮೆತ್ತಿರುತ್ತದೆ, ಹೊಳೆಯುವ ಪಟ್ಟಿ ಕಿತ್ತು ವರ್ಷ ಆಗಿರುತ್ತದೆ. ಬಾಗೇಪಲ್ಲಿಯಿಂದ ಈಚೆಗೆ ಲಾರಿ ನಿಲ್ಲಿಸಿ ನಾಲ್ಕು ಗಂಟೆ ಮಲಗುವುದಕ್ಕೆ ಬೇಕಾದಷ್ಟು ಜಾಗ, ಒಂದು ಶೌಚಾಲಯ, ಒಂದು ಲೈಟು ಕೊಟ್ಟು ಆಮೇಲೆ ದಂಡ ಹಾಕಿ. ಬೇಡ ಅನ್ನುವುದಿಲ್ಲ.

ಕೊಡುವವರೆಗೆ ಒಂದು ಸಣ್ಣ ಕೆಲಸ ಮಾಡಬಹುದು. ದಸರಾದಿಂದ ಜನವರಿ ಕೊನೆವರೆಗೆ, ಬೆಳಗ್ಗೆ ನಾಲ್ಕರಿಂದ ಎಂಟು, ಹೆದ್ದಾರಿ ಗಸ್ತು ಗಾಡಿ ಈ ತುಂಡಿನಲ್ಲಿ ಹೋಗುತ್ತಾ ಬರುತ್ತಾ ಇರಲಿ. ಅವರಿಗೆ ಕೆಲಸ ಎರಡೇ. ನಿಂತ ಗಾಡಿ ಎಬ್ಬಿಸುವುದು, ಬಿದ್ದ ಕಲ್ಲು ಎತ್ತುವುದು. ಗಾಡಿ ಹಿಂದೆ ಒಂದು ಕಬ್ಬಿಣದ ಬುಟ್ಟಿ ಇಟ್ಟುಕೊಂಡರೆ ಕಲ್ಲು ಅದಕ್ಕೇ ಹಾಕಿಕೊಳ್ಳಬಹುದು. ನಗಬೇಡಿ, ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ಇದಕ್ಕೆ ಟೆಂಡರ್ ಬೇಕಾಗಿಲ್ಲ.

ಬಿಳಿ ಗೆರೆಯ ವಿಷಯ. ಹೆದ್ದಾರಿಯಲ್ಲಿ ಪರವಾಗಿಲ್ಲ, ಅಲ್ಲಲ್ಲಿ ಸವೆದಿದೆ. ಆದರೆ ಹೆದ್ದಾರಿ ಬಿಟ್ಟು ಒಳಗಿನ ರಸ್ತೆಗಳಿಗೆ, ಗುಡಿಬಂಡೆ ಕಡೆ, ಶಿಡ್ಲಘಟ್ಟ ಕಡೆ, ಮಂಚೇನಹಳ್ಳಿ ಕಡೆ ಹೋಗಿ ನೋಡಿ. ರೇಷ್ಮೆ ಗೂಡು ತೆಗೆದುಕೊಂಡು ಮಾರ್ಕೆಟ್ಟಿಗೆ ಹೋಗುವವರು, ಹಾಲಿನ ಗಾಡಿ, ಗಾರ್ಮೆಂಟ್ಸ್ ಬಸ್ಸು, ಎಲ್ಲ ಅದೇ ಹೊತ್ತಿಗೆ ಹೊರಡುತ್ತವೆ. ಅಂಚಿನ ಗೆರೆ ಎಷ್ಟೋ ಕಡೆ ಇಲ್ಲವೇ ಇಲ್ಲ. ಊರಿನವರೇ ಹಾಕಿಕೊಂಡ ಹಂಪುಗಳು, ಮೊಣಕಾಲುದ್ದ, ಬಣ್ಣ ಇಲ್ಲ, ಬೋರ್ಡಿಲ್ಲ. ನಮ್ಮ ಊರಿನ ಹಂಪಿಗೆ ನಾವೇ ನಾಲ್ಕು ಜನ ಸೇರಿ ಸುಣ್ಣ ಬಳಿದೆವು, ಎರಡು ಮಳೆಗೆ ಹೋಯಿತು. ಗಾಜಿನ ಪುಡಿ ಸೇರಿಸಿದ ದಪ್ಪ ಬಣ್ಣ ಬರುತ್ತದಲ್ಲ, ಬಿಸಿ ಮಾಡಿ ಹಾಕುವುದು, ಲೈಟು ಬಿದ್ದರೆ ಫಳ್ ಅನ್ನುತ್ತದೆ, ಅದು ಬೇಕು. ಮಳೆಗಾಲದಲ್ಲಿ ಅದು ಹಿಡಿಯುವುದಿಲ್ಲ ಅಂತೀರಿ. ನಿಜ, ಒದ್ದೆ ಟಾರಿಗೆ ಹಿಡಿಯುವುದಿಲ್ಲ. ಆದರೆ ಪಟ್ಟಿಯನ್ನು ಮಳೆಗಾಲದಲ್ಲೇ ಮಾಡಬಹುದು. ಬಣ್ಣ ತರಿಸಿ ಇಟ್ಟುಕೊಳ್ಳಬಹುದು. ನಾಲ್ಕು ದಿನ ಬಿಸಿಲು ಬಿದ್ದರೆ ಹಾಕಿ ಮುಗಿಸಬಹುದು.

ಸೆಪ್ಟೆಂಬರ್ 15 ಬರುತ್ತದೆ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಪ್ರತಿಮೆಗೆ ಹಾರ ಹಾಕುತ್ತೀರಿ, ಎಲ್ಲ ಕಚೇರಿಗಳಲ್ಲೂ ಇಂಜಿನಿಯರುಗಳ ದಿನ ಮಾಡುತ್ತೀರಿ. ಒಳ್ಳೆಯದು, ನನಗೂ ವ್ಯಾಪಾರ. ಈ ಸಲ ಆ ದಿನ ಹಾರ ಹಾಕುವ ಮೊದಲು ಒಂದು ಕೆಲಸ ಮಾಡಿ. ಹಿಂದಿನ ದಿನ ಬೇಗ ಮಲಗಿ, ಬೆಳಗ್ಗೆ ನಾಲ್ಕಕ್ಕೆ ಎದ್ದು ನನ್ನ ಟೆಂಪೋದಲ್ಲಿ ಬನ್ನಿ. ಎಸಿ ಇಲ್ಲ, ಸೀಟು ಸ್ವಲ್ಪ ಹರಿದಿದೆ, ಹೂವಿನ ವಾಸನೆ ಇರುತ್ತದೆ. ಪೆರೇಸಂದ್ರದಿಂದ ದೇವನಹಳ್ಳಿವರೆಗೆ ಹೋಗೋಣ. ಎಲ್ಲಿ ಗೆರೆ ಇಲ್ಲ, ಎಲ್ಲಿ ಡಿವೈಡರ್ ಒಡೆದು ಬೈಕು ನುಗ್ಗುತ್ತವೆ, ಎಲ್ಲಿ ದಿನಾ ಲಾರಿ ನಿಲ್ಲುತ್ತದೆ, ಯಾವ ಇಳಿಜಾರಿನ ಕೆಳಗೆ ಮಂಜು ಕೂರುತ್ತದೆ, ಎಲ್ಲ ತೋರಿಸುತ್ತೇನೆ. ನೀವು ಬರೆದುಕೊಳ್ಳಿ. ಹಗಲು ಹನ್ನೊಂದಕ್ಕೆ ಜೀಪಲ್ಲಿ ಬಂದು ನೋಡಿದರೆ ಇದ್ಯಾವುದೂ ಕಾಣುವುದಿಲ್ಲ, ಎಲ್ಲ ಚೆನ್ನಾಗಿಯೇ ಇರುತ್ತದೆ.

ಆ ಕಲ್ಲು ನನ್ನ ಹತ್ತಿರವೇ ಇದೆ. ಅವತ್ತು ಎತ್ತಿ ಟೆಂಪೋಗೆ ಹಾಕಿಕೊಂಡೆ. ಲೋಡ್ ಮಾಡುವಾಗ ಹಿಂದಿನ ಚಕ್ರಕ್ಕೆ ಆತುಕೊಡುತ್ತೇನೆ. ಉಳಿದ ನಾಲ್ಕನ್ನು ಆ ತಾತ ಕಾಲಿಂದ ಒದ್ದು ಚರಂಡಿಗೆ ತಳ್ಳಿದರು. ಹಾಲಿಗೆ ತಡವಾಯಿತು ಅಂತ ಗೊಣಗಿಕೊಂಡೇ ಹೋದರು, ಹೆಸರೂ ಕೇಳಲಿಲ್ಲ ನಾನು. ಆಮೇಲೆ ಒಂದೆರಡು ಸಲ ಆ ಸರ್ವಿಸ್ ರೋಡಲ್ಲಿ ನಿಧಾನ ಮಾಡಿ ನೋಡಿದೆ. ಸಿಗಲಿಲ್ಲ.

ಗೌರಿ ಹಬ್ಬದ ಹೂವು ಬಿಡಿಸುವುದಿದೆ, ಆಳುಗಳು ಬಂದರು. 15ಕ್ಕೆ ಯಾರು ಬರುತ್ತೀರಿ ಅಂತ ಮೊದಲೇ ತಿಳಿಸಿ, ಮುಂದೆ ಇಬ್ಬರಿಗೆ ಮಾತ್ರ ಜಾಗ ಇದೆ. ಬೆಲ್ಟ್ ಎರಡೂ ಸರಿ ಮಾಡಿಸಿದ್ದೇನೆ.

ಇಂತಿ,
ಪೆರೇಸಂದ್ರ ಕಡೆಯ ಒಬ್ಬ ಹೂವಿನವನು